ಊರ ಶಾಲೆಯನ್ನು ಬರಿದು ಮಾಡಿದವರಾರು?

ಈ ವರ್ಷ ಶಾಲೆಗಳು ಪ್ರಾರಂಭವಾದ ವಾರದಲ್ಲಿ ನಾವು ನಮ್ಮ ಪಟ್ಟಣದ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ನಾವು ಓಂಕಾರ ತಿದ್ದಿದ್ದು ಅಲ್ಲಿಯೇ. ಅಂದು ಕೊಠಡಿಗಳು ಸಾಲದೆ ಬೇವಿನ ಮರದ ಕೆಳಗೂ ಪಾಠ ನಡೆಯುತ್ತಿತ್ತು. ಇಂದು ಐದೂ ತರಗತಿಗಳು ಕೂಡಿ 60 ಮಕ್ಕಳಿಲ್ಲ. ಶಾಲೆಗೆ ನಿವೇಶನ ದಾನ ಮಾಡಿದವರು ನಮ್ಮ ಸಮಾಜದ ಹಿರಿಯರೊಬ್ಬರು. ಅವರ ಮರಿಮಕ್ಕಳನ್ನು ಕರೆದೊಯ್ಯುವ ಖಾಸಗಿ ಶಾಲೆಯ ವಾಹನವು ನಿತ್ಯವೂ ಅದೇ ಬಾಗಿಲ ಮುಂದೆ ಹಾಯ್ದುಹೋಗುತ್ತದೆ.

ಸರಕಾರ ಏನನ್ನೂ ಕೊಟ್ಟಿಲ್ಲವೆಂದು ಹೇಳಲಾಗದು. ಪಠ್ಯಪುಸ್ತಕ, ಸಮವಸ್ತ್ರಗಳುಂಟು, 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವುಂಟು, 2013ರಿಂದ ಹಾಲೂ ಉಂಟು. ಇಂಗ್ಲಿಷ್ ಭಾಷೆಯನ್ನು 2007-08ರಿಂದಲೇ ಒಂದನೆಯ ತರಗತಿಯಿಂದ ಕಲಿಸಲಾಗುತ್ತಿದೆ. ಕೊರತೆ ಇರುವುದು ಬೇರೆಡೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರು. ಮಕ್ಕಳ ಸಂಖ್ಯೆ ಇಳಿದಂತೆ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆಡೆಗೆ ಹೋಗುತ್ತಾರೆ. ಉಳಿದ ಇಬ್ಬರು ಐದು ತರಗತಿಗಳನ್ನು ನೋಡಬೇಕು; ಊಟದ ಲೆಕ್ಕ, ಗಣತಿ, ಚುನಾವಣೆಯ ಕೆಲಸ ಬೇರೆ. ಇದನ್ನು ಕಂಡು ಮತ್ತೆ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಮಗುವನ್ನು ಬಿಡಿಸಿದವನು ತನ್ನ ಮಗುವನ್ನಷ್ಟೇ ಒಯ್ಯುವುದಿಲ್ಲ, ಉಳಿದವರ ಶಿಕ್ಷಕನನ್ನೂ ಒಯ್ಯುತ್ತಾನೆ.

ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಸಮಿತಿಗಳು 2001ರಿಂದ ಇವೆ. ಆದರೆ ಮಾತು ಬಲ್ಲವರು, ಕಚೇರಿಗೆ ಎಡತಾಕಬಲ್ಲವರು ಶಾಲೆಯಿಂದ ದೂರವಾದ ಮೇಲೆ ಸಭೆಗೆ ಬರುವವರಾರು? ಅಂದಿನ ಕೂಲಿ ಬಿಟ್ಟು ಬರಬೇಕಾದ ತಾಯಂದಿರು.

ಇನ್ನೊಬ್ಬರನ್ನು ದೂರುವ ಮೊದಲು ನಮ್ಮ ತಪ್ಪನ್ನೂ ಹೇಳಬೇಕು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದುದನ್ನೂ, ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನಿಲಯ ನಡೆಸಿದುದನ್ನೂ ವೇದಿಕೆಗಳಲ್ಲಿ ನಾವು ಎಷ್ಟು ಸಲ ಕೊಂಡಾಡಿಲ್ಲ! ಅದೇ ನಾವು ಕೆಲವು ವರ್ಷಗಳ ಹಿಂದೆ ಆಂಗ್ಲ ಮಾಧ್ಯಮ ಶಾಲೆಯೊಂದರ ಅಡಿಗಲ್ಲು ಸಮಾರಂಭದಲ್ಲಿ ಹಾರ ಹಾಕಿಸಿಕೊಂಡು ಉಪನ್ಯಾಸ ಮಾಡಿ ಬಂದೆವು. ಅದರ ಶುಲ್ಕ ಎಷ್ಟೆಂದು ಕೇಳಲಿಲ್ಲ.

ಆ ದಾನಿಗಳ ಮನೆಯ ಸೊಸೆಯನ್ನು ಮಾತನಾಡಿಸಿದೆವು. “ಇಬ್ಬರೇ ಅಕ್ಕೋರು ಇದ್ದರ ನನ್ನ ಮಗಳಿಗೆ ಕಲಿಸೋರು ಯಾರ್ರೀ ಅಜ್ಜಾರ?” ಎಂದಳು. ಆಕೆಯ ಅಂಜಿಕೆ ನ್ಯಾಯವಾದುದೇ. ಒಬ್ಬ ತಾಯಿ ತನ್ನ ಮಗುವೊಂದನ್ನೇ ಕಳಿಸಿದರೆ ಏನೂ ಬದಲಾಗದು. ಹತ್ತು ಹನ್ನೆರಡು ಮನೆಗಳವರು ಒಮ್ಮೆಲೇ ಸೇರಿಸಿದರೆ ಸಂಖ್ಯೆ 60ನ್ನು ದಾಟುತ್ತದೆ. ಮೂರನೆಯ ಶಿಕ್ಷಕರನ್ನು ಕೇಳುವುದು ಆಗ ಬೇಡಿಕೆಯಲ್ಲ, ಹಕ್ಕು. “ಯಾರ್‍ಯಾರು ಬರ್ತಾರ ಹೇಳ್ರಿ, ಆಮ್ಯಾಲ ನೋಡೋಣ” ಎಂದಳು.

ಬರುವ ಶ್ರಾವಣದಲ್ಲಿ ಮಠದ ಪುರಾಣ ಪ್ರವಚನ ನಮ್ಮ ಪಾಲಿಗೆ ಬಂದಿದೆ. ಮೊದಲ ದಿನವೇ ಮಂಗಳಾರತಿಗೆ ಮುನ್ನ ಈ ಮಾತನ್ನು ಎತ್ತಲಿದ್ದೇವೆ. ಮುಖ್ಯ ಶಿಕ್ಷಕಿಯವರು ದಾಖಲಾತಿ ಪುಸ್ತಕ ತರಲು ಒಪ್ಪಿದ್ದಾರೆ.