ಉಪದೇಶ ಪೀಠ ಏರಿದ ಸಂಕೋಚದ ಹೆಣ್ಣು: ‘ಮುಕ್ತಿ ಫೌಜ್’ನ ತಾಯಿ ಕ್ಯಾಥರೀನ್ ಬೂತ್

ಮುಂಬಯಿಯ ಕೊಲಾಬದಲ್ಲಿ ತಾಜ್ ಹೋಟೆಲಿನ ಹಿಂದಿನ ರಸ್ತೆಯ ‘ರೆಡ್ ಶೀಲ್ಡ್ ಹೌಸ್’ ಕಡಿಮೆ ಖರ್ಚಿನ ವಸತಿಗೃಹವೆಂದು ಹೆಸರಾದದ್ದು. ಅದು ಸಾಲ್ವೇಶನ್ ಆರ್ಮಿಗೆ ಸೇರಿದ್ದು. ನಮ್ಮ ದೇಶದಲ್ಲಿ ಈ ಸಂಸ್ಥೆಗೆ ‘ಮುಕ್ತಿ ಫೌಜ್’ ಎಂಬ ಹೆಸರೂ ಉಂಟು. ಜನರಲ್, ಕ್ಯಾಪ್ಟನ್, ಸಮವಸ್ತ್ರ, ಬ್ಯಾಂಡು ಎಲ್ಲ ಇದ್ದರೂ ಬಂದೂಕಿಲ್ಲದ ಸೈನ್ಯವಿದು. ಬಡವರ ಸೇವೆಯನ್ನೇ ಮುಖ್ಯ ಕೆಲಸವಾಗಿಸಿಕೊಂಡ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡ. ಇದರ ಸ್ಥಾಪಕರು ವಿಲಿಯಂ ಬೂತ್ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವರ ಪತ್ನಿ ಕ್ಯಾಥರೀನ್ ಇಲ್ಲದಿದ್ದರೆ ಈ ಪಂಗಡ ಇಂದಿನ ರೂಪದಲ್ಲಿ ಇರುತ್ತಲೇ ಇರಲಿಲ್ಲ.

ಕ್ಯಾಥರೀನ್ ಹುಟ್ಟಿದ್ದು 1829ರ ಜನವರಿ 17ರಂದು, ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಆ್ಯಷ್‌ಬೋರ್ನ್ ಎಂಬ ಊರಿನಲ್ಲಿ. ತಂದೆ ಜಾನ್ ಮಮ್‌ಫರ್ಡ್ ಸಾರೋಟು ತಯಾರಿಸುವ ಕಸುಬಿನವರು. 14ರ ವಯಸ್ಸಿನಲ್ಲಿ ಬೆನ್ನುಮೂಳೆಯ ತೊಂದರೆಯಿಂದ ಕ್ಯಾಥರೀನ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಶಾಲೆ ನಿಂತಿತು, ಓದು ಮಾತ್ರ ನಿಲ್ಲಲಿಲ್ಲ. ಧರ್ಮಗ್ರಂಥಗಳನ್ನು ಮಲಗಿದಲ್ಲೇ ಓದಿದರು. ಮುಂದೆ ದೊಡ್ಡ ದೊಡ್ಡ ಪಂಡಿತರೊಡನೆ ವಾದಕ್ಕಿಳಿಯಲು ಬೇಕಾದ ಬಂಡವಾಳ ಕೂಡಿದ್ದು ಆಗಲೇ.

1855ರ ಜೂನ್ 16ರಂದು ಅವರು ಯುವ ಬೋಧಕ ವಿಲಿಯಂ ಬೂತ್ ಅವರನ್ನು ಮದುವೆಯಾದರು. ಅದಕ್ಕೆ ಮೊದಲೇ ಇಬ್ಬರ ನಡುವೆ ಪತ್ರಗಳಲ್ಲಿ ಒಂದು ಚರ್ಚೆ ನಡೆದಿತ್ತು. ಹೆಣ್ಣಿಗೆ ಹೃದಯ ಹೆಚ್ಚು, ಬುದ್ಧಿ ಕೊಂಚ ಕಡಿಮೆ ಎಂಬ ಆ ಕಾಲದ ನಂಬಿಕೆ ವಿಲಿಯಂ ಅವರಲ್ಲೂ ಇತ್ತು. ಕ್ಯಾಥರೀನ್ ಒಪ್ಪಲಿಲ್ಲ. ಹೆಣ್ಣು ಹಿಂದುಳಿದಿದ್ದರೆ ಅದು ಶಿಕ್ಷಣ ಸಿಗದ ಕಾರಣಕ್ಕೆ, ಹುಟ್ಟಿನಿಂದ ಬಂದ ಕೊರತೆಯಿಂದಲ್ಲ ಎಂಬುದು ಅವರ ನಿಲುವು.

1859ರಲ್ಲಿ ಅಮೆರಿಕದ ಫೀಬಿ ಪಾಮರ್ ಎಂಬ ಮಹಿಳೆ ಉತ್ತರ ಇಂಗ್ಲೆಂಡಿಗೆ ಬಂದು ಧರ್ಮೋಪದೇಶ ಮಾಡತೊಡಗಿದರು. ಹೆಂಗಸು ಸಭೆಯಲ್ಲಿ ಬಾಯಿ ತೆರೆಯುವುದೇ ಶಾಸ್ತ್ರವಿರುದ್ಧವೆಂದು ಸ್ಥಳೀಯ ಬೋಧಕರೊಬ್ಬರು ಕರಪತ್ರ ಹೊರಡಿಸಿದರು. ಕ್ಯಾಥರೀನ್ ಆಗ ಮೂರು ಮಕ್ಕಳ ತಾಯಿ, ನಾಲ್ಕನೆಯ ಹೆರಿಗೆಯ ಹೊಸ್ತಿಲಲ್ಲಿದ್ದರು. ಆ ಸ್ಥಿತಿಯಲ್ಲೇ ಕುಳಿತು, ಬೈಬಲಿನಿಂದಲೇ ಆಧಾರಗಳನ್ನು ತೆಗೆದು, ಹೆಣ್ಣಿಗೂ ಉಪದೇಶದ ಹಕ್ಕಿದೆಯೆಂದು ಕಿರುಹೊತ್ತಗೆಯೊಂದನ್ನು ಬರೆದು ಪ್ರಕಟಿಸಿದರು. ಮರುತಿಂಗಳು, 1860ರ ಜನವರಿಯಲ್ಲಿ, ಮಗಳು ಎಮ್ಮಾ ಹುಟ್ಟಿದರು. ಈ ಮಗಳ ಹೆಸರು ನೆನಪಿರಲಿ, ಮುಂದೆ ಭಾರತದ ಕಥೆಯಲ್ಲಿ ಬರುತ್ತದೆ.

ಬರೆದದ್ದೇನೋ ಆಯಿತು. ಆದರೆ ಬರೆದವರಿಗೇ ಸಭೆಯಲ್ಲಿ ಎದ್ದು ನಿಲ್ಲುವ ಧೈರ್ಯವಿರಲಿಲ್ಲ. ಸ್ವಭಾವತಃ ಅವರು ತೀರ ಸಂಕೋಚದವರು. 1860ರ ಮೇ 27, ಪೆಂಟೆಕೋಸ್ಟ್ ಹಬ್ಬದ ಭಾನುವಾರ. ಗೇಟ್ಸ್‌ಹೆಡ್ ಪಟ್ಟಣದ ಬೆಥೆಸ್ಡಾ ಚಾಪೆಲಿನಲ್ಲಿ ಸುಮಾರು ಒಂದು ಸಾವಿರ ಜನ ಸೇರಿದ್ದರು. ವಿಲಿಯಂ ಅವರ ಪ್ರಸಂಗ ಮುಗಿಯುತ್ತಿದ್ದಂತೆ ಕ್ಯಾಥರೀನ್ ಎದ್ದು ಮುಂದೆ ನಡೆದರು. ಹೆಂಡತಿಗೆ ಮೈಗೆ ಸರಿಯಿಲ್ಲವೇನೋ ಎಂದು ಗಾಬರಿಯಾದ ಪತಿ ವಿಚಾರಿಸಿದಾಗ, ತಾನೂ ಒಂದು ಮಾತು ಹೇಳಬೇಕು ಎಂದರು. ಇಷ್ಟು ದಿನ ಅಂತರಾತ್ಮದ ಕರೆಗೆ ಹೆದರಿ ಸುಮ್ಮನಿದ್ದೆನೆಂದು ಸಭೆಯ ಮುಂದೆ ಒಪ್ಪಿಕೊಂಡರು. ಅಂದು ಸಂಜೆಯ ಉಪದೇಶ ಕ್ಯಾಥರೀನ್ ಅವರದ್ದೇ ಎಂದು ವಿಲಿಯಂ ಅಲ್ಲೇ ಘೋಷಿಸಿದರು. ಮುಂದೆ ವಿಲಿಯಂ ಕಾಯಿಲೆ ಬಿದ್ದಾಗ ಅವರ ಹೊಣೆಯನ್ನೂ ಕ್ಯಾಥರೀನ್ ಹೊತ್ತರು.

1865ರಲ್ಲಿ ದಂಪತಿ ಲಂಡನ್ನಿಗೆ ಬಂದರು. ವಿಲಿಯಂ ಪೂರ್ವ ಲಂಡನ್ನಿನ ಕೊಳೆಗೇರಿಗಳಲ್ಲಿ ಬಡವರಿಗೆ, ಕುಡುಕರಿಗೆ ಬೋಧಿಸಿದರೆ, ಕ್ಯಾಥರೀನ್ ಪಶ್ಚಿಮ ಲಂಡನ್ನಿನ ಶ್ರೀಮಂತರ ಮುಂದೆ ನಿಂತು ಅವರ ಹೊಣೆಯನ್ನು ನೆನಪಿಸಿದರು. ಕೆಲಸಕ್ಕೆ ಬೇಕಾದ ಹಣ, ಬೆಂಬಲ ಹೀಗೆ ಒದಗಿತು. ಪೂರ್ವ ಲಂಡನ್ನಿನಲ್ಲಿ ಆರಂಭವಾದ ಈ ಮಿಷನ್ 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಹೆಸರು ಪಡೆಯಿತು. ವಿಲಿಯಂ ‘ಜನರಲ್’ ಆದರು. ಕ್ಯಾಥರೀನ್ ಅವರಿಗೆ ಯಾವ ಪದವಿಯೂ ಇರಲಿಲ್ಲ, ಜನ ಅವರನ್ನು ‘ಸೇನೆಯ ತಾಯಿ’ ಎಂದು ಕರೆದರು. ಬೋಧಿಸುವ ಹಾಗೂ ಅಧಿಕಾರಿಯಾಗುವ ಹಕ್ಕು ಗಂಡಸಿನಷ್ಟೇ ಹೆಣ್ಣಿಗೂ ಇದೆ ಎಂಬ ಅವರ ಮಾತು ಸಂಸ್ಥೆಯ ನಿಯಮವಾಯಿತು.

ಈ ನಿಯಮ ಬರಿಯ ಕಾಗದದಲ್ಲಿ ಉಳಿಯಲಿಲ್ಲ ಎಂಬುದಕ್ಕೆ ಮುಂಬಯಿಯೇ ಸಾಕ್ಷಿ. 1882ರ ಸೆಪ್ಟೆಂಬರ್ 19ರಂದು ಬೊಂಬಾಯಿ ಬಂದರಿನಲ್ಲಿ ಇಳಿದ ಮೊದಲ ತಂಡದಲ್ಲಿದ್ದವರು ನಾಲ್ವರು. ಅವರಲ್ಲಿ ಒಬ್ಬರು ಮಹಿಳೆ, ಲೆಫ್ಟಿನೆಂಟ್ ಮೇರಿ ಥಾಮ್ಸನ್. ತಂಡದ ನಾಯಕ ಫ್ರೆಡರಿಕ್ ಟಕರ್ ಸಿವಿಲ್ ಸರ್ವಿಸ್ ನೌಕರಿ ಬಿಟ್ಟು ಬಂದವರು. ಪೇಟ ಸುತ್ತಿ, ಬರಿಗಾಲಲ್ಲಿ ನಡೆದು, ‘ಫಕೀರ್ ಸಿಂಗ್’ ಎಂದು ಹೆಸರಿಟ್ಟುಕೊಂಡರು. ಬಿಳಿಯರು ದೇಶೀ ಉಡುಪಿನಲ್ಲಿ ಬೀದಿ ಮೆರವಣಿಗೆ ಹೊರಟದ್ದು ಆಳುವವರಿಗೆ ಸಹಿಸಲಿಲ್ಲ. ಬಂಧನವಾಯಿತು, ಟಕರ್ ಜೈಲನ್ನೂ ಕಂಡರು. ಅವರ ಪರವಾಗಿ ದನಿ ಎತ್ತಿದವರಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರೂ ಇದ್ದರು. ಮುಂದೆ 1888ರಲ್ಲಿ ಟಕರ್ ಅವರ ಕೈಹಿಡಿದು ಭಾರತಕ್ಕೆ ಬಂದವರೇ ಮೇಲೆ ಹೇಳಿದ ಎಮ್ಮಾ.

ಇತ್ತ ಇಂಗ್ಲೆಂಡಿನಲ್ಲಿ 1885ರಲ್ಲಿ ಎಳೆಯ ಹುಡುಗಿಯರನ್ನು ವೇಶ್ಯಾವಾಟಿಕೆಗೆ ಮಾರುವ ದಂಧೆಯ ವಿರುದ್ಧ ಹೋರಾಟ ನಡೆದಾಗ ಕ್ಯಾಥರೀನ್ ವಿಕ್ಟೋರಿಯಾ ರಾಣಿಗೇ ಪತ್ರ ಬರೆದರು. ಸಂಸ್ಥೆ 17 ದಿನಗಳಲ್ಲಿ 3 ಲಕ್ಷಕ್ಕೂ ಮಿಕ್ಕಿ ಸಹಿ ಸಂಗ್ರಹಿಸಿ ಪಾರ್ಲಿಮೆಂಟಿಗೆ ಒಪ್ಪಿಸಿತು. ಅದೇ ವರ್ಷ ಕಾನೂನು ತಿದ್ದುಪಡಿಯಾಗಿ ಹುಡುಗಿಯರ ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿತು.

1888ರಲ್ಲಿ ಕ್ಯಾಥರೀನ್ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಎರಡು ವರ್ಷಗಳ ನೋವಿನ ನಂತರ 1890ರ ಅಕ್ಟೋಬರ್ 4ರಂದು ತೀರಿಕೊಂಡರು. ಮರುವರ್ಷ ಸಂಸ್ಥೆ ಲಂಡನ್ನಿನಲ್ಲಿ ಬೆಂಕಿಪೆಟ್ಟಿಗೆ ಕಾರ್ಖಾನೆ ತೆರೆಯಿತು. ಆಗ ಬಳಕೆಯಲ್ಲಿದ್ದ ಬಿಳಿ ರಂಜಕದಿಂದ ಕೂಲಿ ಹೆಂಗಸರ ದವಡೆ ಮೂಳೆ ಕೊಳೆಯುತ್ತಿತ್ತು. ಇಲ್ಲಿ ಅಪಾಯವಿಲ್ಲದ ಕೆಂಪು ರಂಜಕ ಬಳಸಿದರು. ಒಂದು ಗ್ರೋಸ್, ಅಂದರೆ 144 ಪೆಟ್ಟಿಗೆಗೆ ಬೇರೆ ಕಡೆ ಸುಮಾರು ಎರಡೂವರೆ ಪೆನ್ಸ್ ಕೂಲಿ ಸಿಕ್ಕರೆ ಇಲ್ಲಿ ನಾಲ್ಕು ಪೆನ್ಸ್. ಕಾರ್ಖಾನೆ ಹೆಚ್ಚು ಕಾಲ ಬಾಳಲಿಲ್ಲ, ಆದರೆ ಬಿಳಿ ರಂಜಕ ಕೊನೆಗೂ ಹೋಯಿತು.

ಕ್ಯಾಥರೀನ್ ಅವರ ಇನ್ನೊಬ್ಬ ಮಗಳು ಇವಾಂಜಲೀನ್ 1934ರಲ್ಲಿ ಸಂಸ್ಥೆಯ ಮೊದಲ ಮಹಿಳಾ ಜನರಲ್ ಆದರು. ಬಳಿಕ 1986ರಲ್ಲಿ ಇವಾ ಬರೋಸ್, 2011ರಲ್ಲಿ ಲಿಂಡಾ ಬಾಂಡ್ ಆ ಸ್ಥಾನಕ್ಕೇರಿದರು. ಹಾಗೆಂದು ಎಲ್ಲವೂ ಸಮನಾಯಿತು ಎನ್ನುವಂತಿಲ್ಲ. ಗಂಡ-ಹೆಂಡತಿ ಇಬ್ಬರೂ ಅಧಿಕಾರಿಗಳಾಗಿ ದುಡಿದರೂ ಭತ್ಯೆ ಬಹುಕಾಲ ಗಂಡನ ಹೆಸರಿನಲ್ಲೇ ಸಂದಾಯವಾಗುತ್ತಿತ್ತು.

ಈ ಕುಟುಂಬದ ಕೆಲಸದ ಒಂದು ಎಳೆ ಕರ್ನಾಟಕದಲ್ಲೂ ಇದೆ. ಬೆಂಗಳೂರಿನ ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆಯ ಹೆಸರು ಕೇಳದವರಿಲ್ಲ. ಜೆಮ್‌ಶೆಟ್‌ಜಿ ಟಾಟಾ ಆರಂಭಿಸಿದ ಆ ರೇಷ್ಮೆ ತೋಟವನ್ನು 1910ರಲ್ಲಿ ವಹಿಸಿಕೊಂಡು ನಡೆಸಿದ್ದು ಇದೇ ಸಾಲ್ವೇಶನ್ ಆರ್ಮಿ. ಆಗ ಭಾರತದಲ್ಲಿ ಅದರ ನೇತೃತ್ವ ಕ್ಯಾಥರೀನ್ ಅವರ ಅಳಿಯ ಟಕರ್ ಅವರದ್ದು.

ಕ್ಯಾಥರೀನ್ ಭಾರತಕ್ಕೆ ಬಂದವರಲ್ಲ. ಆದರೆ ಎಮ್ಮಾ ಸಾಕಿ ಬೆಳೆಸಿದ ಹ್ಯಾರಿ ಆಂಡ್ರೂಸ್ ಎಂಬ ಹುಡುಗ ತಮಿಳುನಾಡಿನ ನಾಗರಕೋವಿಲಿನಲ್ಲಿ 1890ರ ದಶಕದಲ್ಲಿ, ಒಂದು ಬಚ್ಚಲು ಕೋಣೆಯಲ್ಲಿ ಔಷಧ ಕೊಡಲು ಆರಂಭಿಸಿದ. ಅದೇ ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಅದರ ಹೆಸರು ಕ್ಯಾಥರೀನ್ ಬೂತ್ ಆಸ್ಪತ್ರೆ.