ದಾರಿ ಬಿಟ್ಟು ನಡೆಯುವವರ ಪಾದರಕ್ಷೆ

ಹಿಮ ಬೀಳುವ ನಾರ್ವೆಯಲ್ಲಿ ಜನರು ಕಾಲಿಗೆ 'ಸ್ಕೀ' ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು ಸಂಚರಿಸುತ್ತಾರೆ. ಸಿದ್ಧವಾದ ಜಾಡಿನಲ್ಲಿ ಕಿರಿದಾದ ಹಲಗೆ ಸಾಕು; ಜಾಡಿಲ್ಲದೆಡೆ ಅಗಲವಾದದ್ದು ಬೇಕು. ಮೈಭಾರ ಅಗಲಕ್ಕೆ ಹಂಚಿಹೋಗಿ, ಕಾಲು ಮೆತ್ತನೆಯ ಹಿಮದಲ್ಲಿ ಹೂತುಹೋಗದು. ನೆಲವನ್ನು ನೋಡಿ ಪಾದರಕ್ಷೆಯನ್ನು ಆರಿಸಬೇಕೆಂಬ ಈ ನಿಯಮ ನಮ್ಮ ಬೀದರ ಸೀಮೆಗೂ ಸಲ್ಲುತ್ತದೆ. ಆಯ್ಕೆ ಮಾತ್ರ ಬೇರೆ.

ಸಂತಪುರ, ಔರಾದ, ಭಾಲ್ಕಿಗಳ ಹೊಲಗಳು ಬಹುಪಾಲು ಎರೆಭೂಮಿ. ನೆನೆದ ಎರೆಮಣ್ಣು ಉಬ್ಬಿ ಅಂಟಾಗುತ್ತದೆ. ಅಟ್ಟೆಯ ಹಲ್ಲುಗಳು ಒತ್ತಾಗಿದ್ದರೆ ಮಣ್ಣು ಕಚ್ಚಿಕೊಂಡು ಹೆಜ್ಜೆ ಭಾರವಾಗುತ್ತದೆ, ಕಾಲು ಜಾರುತ್ತದೆ. ಹಲ್ಲುಗಳು ಬಿಡಿಬಿಡಿಯಾಗಿದ್ದರೆ ಮಣ್ಣು ಬೇಗ ಉದುರುತ್ತದೆ. ಬೇಸಿಗೆಯಲ್ಲಿ ಇದೇ ನೆಲ ಬಿರುಕು ಬಿಟ್ಟು ಕಾಲು ಉಳುಕಿಸುವುದರಿಂದ ಗಿಣ್ಣನ್ನು ಹಿಡಿದಿಡುವ ಬೂಟು ಲೇಸು.

ಬೀದರ ನಗರದ ಸುತ್ತ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ. ಅಲ್ಲಿಯ ಹರಳುಗಲ್ಲಿನ ಮೇಲೆ ನುಣುಪಾದ ಅಟ್ಟೆ ಜಾರುತ್ತದೆ. ಜಾಲಿಯ ಮುಳ್ಳು ತೆಳುವಾದ ರಬ್ಬರಿನ ಚಪ್ಪಲಿಯನ್ನು ತೂರಿ ಅಂಗಾಲಿಗೆ ನಾಟುತ್ತದೆ. ಇಲ್ಲಿ ದಪ್ಪನೆಯ, ಒರಟಾದ ಅಟ್ಟೆಯೇ ಬೇಕು.

ಎರಡು ನೆಲಗಳಲ್ಲಿಯೂ ಹಾವಿನ ಭಯವುಂಟು. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿತು. ಕಡಿತ ಹೆಚ್ಚಾಗಿ ಪಾದಕ್ಕೂ ಮೊಣಕಾಲಿನ ಕೆಳಗೂ ಆಗುವುದು. ಆದುದರಿಂದ ಗಿಣ್ಣು ಮುಚ್ಚುವ ಬೂಟು ಬರಿಯ ಸೌಕರ್ಯವಲ್ಲ, ರಕ್ಷಣೆಯೂ ಹೌದು.

ನಡೆದಾಡಿದ ಪಾದ ಸಂಜೆಗೆ ತುಸು ಊದಿರುತ್ತದೆ. ಬೂಟನ್ನು ಆ ಹೊತ್ತಿನಲ್ಲಿ, ಕಾಲುಚೀಲ ತೊಟ್ಟು ಅಳತೆ ನೋಡಿ ಕೊಳ್ಳಿರಿ. ಮುಂದೆ ಒಂದು ಬೆರಳಗಲ ಜಾಗವಿರಲಿ.