ಅತಿವಾಹಕಕ್ಕೆ ದೋಷವೂ ಒಮ್ಮೊಮ್ಮೆ ಒಳ್ಳೆಯದು

ಕೊಲ್ಹಾಪುರ: ಇಚಲಕರಂಜಿಯ ಪವರ್‌ಲೂಮಿಗೂ ಗಡಹಿಂಗ್ಲಜದ ಪಂಪ್‌ಸೆಟ್ಟಿಗೂ ಬರುವ ಕರೆಂಟಿನ ಒಂದು ಪಾಲು ದಾರಿಯಲ್ಲೇ ತಂತಿ ಕಾಯಿಸಿ ಹಾಳಾಗುತ್ತದೆ. ಈ ನಷ್ಟವೇ ಇಲ್ಲದ ವಸ್ತು ಸೂಪರ್‌ಕಂಡಕ್ಟರ್, ಅಂದರೆ ಅತಿವಾಹಕ. ಆದರೆ ಅದಕ್ಕೆ ವಿಪರೀತ ಚಳಿ ಬೇಕು. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಕಂಡುಹಿಡಿದ ತಾಮ್ರದ ಆಕ್ಸೈಡ್‌ಗಳಿಗೆ 'ಅಧಿಕ ಉಷ್ಣತೆಯ' ಅತಿವಾಹಕ ಎಂಬ ಹೆಸರಿದ್ದರೂ, ಅವೂ ಕೆಲಸ ಮಾಡುವುದು ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ! ಇಂಥ ವಸ್ತುಗಳ ತೆಳುಪದರ ತಯಾರಿಸುವ ಸಂಶೋಧನೆ ಇಲ್ಲಿನ ಶಿವಾಜಿ ವಿಶ್ವವಿದ್ಯಾಲಯದಲ್ಲೂ ನಡೆದಿದೆ.

ಈ ಆಕ್ಸೈಡ್‌ಗಳೊಳಗೆ ಹರಿಯಬೇಕಾದ ವಿದ್ಯುದಂಶ ಕೆಲವೊಮ್ಮೆ ಸೀರೆಯ ಪಟ್ಟೆಗಳಂತೆ ಸಾಲುಗಟ್ಟಿ ನಿಂತುಬಿಡುತ್ತದೆ. ಲ್ಯಾಂಥನಮ್ ಬಗೆಯಲ್ಲಿ ಸುಮಾರು ನಾಲ್ಕು ತಾಮ್ರದ ಪರಮಾಣುಗಳಿಗೊಂದು ಪಟ್ಟೆ. ಟ್ರಾಂಕ್ವಾಡಾ ತಂಡ 1995ರಲ್ಲಿ ಇದನ್ನು ತೋರಿಸಿತು. ಪಟ್ಟೆ ಗಟ್ಟಿಯಾದರೆ ಅತಿವಾಹಕತೆ ಸೊರಗುತ್ತದೆ.

ಹರಳಿನಲ್ಲಿ ಪರಮಾಣು ಜಾಗ ತಪ್ಪಿದರೆ, ಬೇರೆ ಧಾತು ಬಂದು ಕುಳಿತರೆ ಅದು ದೋಷ. ತಾಮ್ರದ ಜಾಗಕ್ಕೆ ಬಂದ ಸತು, ಗೂಟಕ್ಕೆ ಎಮ್ಮೆ ಕಟ್ಟಿದಂತೆ, ಹತ್ತಿರದ ಪಟ್ಟೆಯನ್ನು ಅಲ್ಲೇ ಹಿಡಿದಿಡುತ್ತದೆ. ಗೂಟಗಳು ಅಡ್ಡಾದಿಡ್ಡಿ ಹೆಚ್ಚಾದರೆ? ಹಾಸಿನ ಎಳೆಗಳು ಅಲ್ಲಲ್ಲಿ ಹರಿದ ಬಟ್ಟೆಯಂತೆ ಪಟ್ಟೆಯ ಸಾಲೇ ತುಂಡಾಗುತ್ತದೆ.

ಸಾಮಾನ್ಯವಾಗಿ ದೋಷದಿಂದ ಅತಿವಾಹಕ ಕೆಡುತ್ತದೆ. ಆದರೆ 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಟ್ಟೆ ಗಟ್ಟಿಯಾಗಿದ್ದ ಲ್ಯಾಂಥನಮ್-ಬೇರಿಯಮ್-ತಾಮ್ರ ಆಕ್ಸೈಡಿಗೆ ಪ್ರೋಟಾನ್ ಹೊಡೆದು ಬೇಕೆಂದೇ ದೋಷ ಮಾಡಿದರು. ಪಟ್ಟೆ ಸಡಿಲವಾಯಿತು, ಅತಿವಾಹಕತೆ ಶುರುವಾಗುವ ಉಷ್ಣತೆ ಏರಿತು. ಎಲ್ಲ ಬಗೆಗೂ ಈ ಉಪಾಯ ಒಗ್ಗದು. ಪಟ್ಟೆ ಮೊದಲೇ ದುರ್ಬಲವಾಗಿರುವ ಕಡೆ ದೋಷ ಅತಿವಾಹಕತೆಯನ್ನೇ ಕುಗ್ಗಿಸುತ್ತದೆ.